ಹನ್ನೆರಡು, ಹದಿನಾರು, ಇಪ್ಪತ್ತೇಳು: ಜಾವಾ–ಯೆಜ್ಡಿಯ ಅಶ್ವಶಕ್ತಿಯ ಲೆಕ್ಕ

ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೀದಿಗಿಳಿಸಿದ 250 ಸಿಸಿ ಜಾವಾದ ಘೋಷಿತ ಶಕ್ತಿ 12 ಎಚ್‌ಪಿ. 1978ರ ಯೆಜ್ಡಿ ರೋಡ್‌ಕಿಂಗ್‌ನದು 16. ಮೈಸೂರಿನ ಉತ್ಪಾದನೆ 1996ರಲ್ಲಿ ನಿಂತು, 2018ರಲ್ಲಿ ಬೇರೆ ಒಡೆತನದಲ್ಲಿ, ಬೇರೆ ಊರಿನಿಂದ ಮರಳಿ ಬಂದ 293 ಸಿಸಿ ಜಾವಾಗೆ 27. 2024ರ ಜಾವಾ 350ಕ್ಕೆ, ಎಂಜಿನ್ 334 ಸಿಸಿಗೆ ಬೆಳೆದಿದ್ದರೂ, ಸುಮಾರು 22.5. ಈ ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ಗಾಡಿ ಮೊದಲು ಬಲಿತಿತು, ಆಮೇಲೆ ಬಡವಾಯಿತು ಎನ್ನುವವರಿದ್ದಾರೆ. ಆದರೆ ಅಶ್ವಶಕ್ತಿಯ ಅಂಕಿ ಎಂಜಿನ್ನಿನ ಹುಟ್ಟುಗುಣವಲ್ಲ. ಯಾವ ಮಾನದಲ್ಲಿ ಅಳೆದರು, ಯಾವ ಕಾನೂನಿಗೆ ತಲೆಬಾಗಿದರು, ಯಾವ ಗಿರಾಕಿಗೆ ಮಾರಿದರು ಎಂಬುದೆಲ್ಲ ಸೇರಿದ ದಾಖಲೆ ಅದು.

ಮೊದಲು ಮಾನದ ಮಾತು. 75 ಕಿಲೋ ತೂಕದ ಚೀಲವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಅದು ಯುರೋಪಿನ ಲೆಕ್ಕದ ಒಂದು ಕುದುರೆ, 735.5 ವ್ಯಾಟ್. ಬ್ರಿಟಿಷರ ಕುದುರೆ ಸ್ವಲ್ಪ ಕೊಬ್ಬಿದ್ದು, 745.7 ವ್ಯಾಟ್. ಹಾಗಾಗಿ ಬ್ರಿಟಿಷ್ ಲೆಕ್ಕದಲ್ಲಿ 27 ಬಿಎಚ್‌ಪಿ ಎಂದು ಬರೆದ ಎಂಜಿನ್ನೇ ಯುರೋಪಿನ ಪಿಎಸ್ ಲೆಕ್ಕದಲ್ಲಿ 27.4 ಆಗುತ್ತದೆ, ಒಂದು ಬೋಲ್ಟ್ ಕೂಡ ತಿರುಗಿಸಬೇಕಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಬ್ರಿಟನ್ನಿನಲ್ಲಿ ಕಾರುಗಳ ತೆರಿಗೆಗೆ ಬಳಸುತ್ತಿದ್ದ ಸೂತ್ರ ಸಿಗುತ್ತದೆ. ಅದು ನೋಡುತ್ತಿದ್ದದ್ದು ಸಿಲಿಂಡರಿನ ವ್ಯಾಸ ಮತ್ತು ಸಂಖ್ಯೆಯನ್ನು ಮಾತ್ರ. ಹಳೆಯ ಜಾವಾದ ಒಂಟಿ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್. ಆ ಸೂತ್ರಕ್ಕೆ ಹಾಕಿದರೆ ಉತ್ತರ 2.6 ಎಚ್‌ಪಿ! ರೋಡ್‌ಕಿಂಗ್‌ನ ವ್ಯಾಸವೂ 65, ಪಿಸ್ಟನ್ ಓಡಾಟವೂ ಮೊದಲಿನಂತೆ 75 ಮಿಲಿಮೀಟರ್, ಅದಕ್ಕೂ ಅದೇ 2.6. ಅಂದರೆ 12 ಹದಿನಾರಾದದ್ದು ಗಾತ್ರದಿಂದಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನ ಬಲವೆಲ್ಲ ಉಸಿರಾಟದಲ್ಲಿದೆ: ಸಿಲಿಂಡರಿನ ಗೋಡೆಯ ಕಿಂಡಿಗಳು ಯಾವಾಗ ತೆರೆಯುತ್ತವೆ, ಹೊಗೆ ಎಷ್ಟು ಸಲೀಸಾಗಿ ಹೊರಹೋಗುತ್ತದೆ ಎಂಬುದರಲ್ಲಿ. ಪೆಟ್ರೋಲಿಗೆ ಬೆರೆಸಿದ ಎಣ್ಣೆ ಉರಿದು ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೆ ಅದೇ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಕಾಗದದ ಮೇಲೆ ಮಾತ್ರ ಆಗಲೂ 16.

ಮಾರುಕಟ್ಟೆಯ ಕೈವಾಡ ಇನ್ನೂ ನಿಚ್ಚಳವಾಗಿ ಕಾಣುವುದು ರೋಡ್‌ಕಿಂಗ್‌ನ ಕಾಲದ್ದೇ ಆದ ಯಮಹಾ ಆರ್‌ಡಿ 350ಯಲ್ಲಿ. ಜಪಾನಿನಲ್ಲಿ 39 ಎಚ್‌ಪಿ ಇದ್ದ ಆ ಗಾಡಿ, ಎಸ್ಕಾರ್ಟ್ಸ್‌ನ ರಾಜದೂತ್ 350 ಆಗಿ 1983ರಲ್ಲಿ ಇಲ್ಲಿಗೆ ಬರುವಾಗ 30.5ಕ್ಕೆ ಇಳಿದಿತ್ತು, ಮೈಲೇಜು ಸಾಲದೆಂಬ ದೂರಿಗೆ ಮಣಿದು ಮುಂದೆ 27ಕ್ಕೆ. ಜಪಾನಿನ ಸ್ಪೋರ್ಟ್ಸ್ ಕಾರುಗಳದು ಮತ್ತೊಂದು ಕಥೆ. ಅಲ್ಲಿನ ಕಂಪನಿಗಳು 280 ಪಿಎಸ್ ದಾಟುವುದಿಲ್ಲವೆಂದು ತಮ್ಮತಮ್ಮಲ್ಲೇ ಮಾಡಿಕೊಂಡ ಕರಾರು 2004ರವರೆಗೆ ನಡೆಯಿತು. ಅಮೆರಿಕದಲ್ಲಿ 300 ಎಂದು ಮಾರಾಟವಾದ ನಿಸ್ಸಾನ್ 300ಝಡ್‌ಎಕ್ಸ್ ತವರಿನಲ್ಲಿ 280 ಎಂದೇ ಬರೆಸಿಕೊಂಡಿತು.

ಹಾಗಾದರೆ ಅಂಕಿಯೇ ಸುಳ್ಳೇ ಎಂಬ ಆಕ್ಷೇಪ ಬರುತ್ತದೆ. ಸುಳ್ಳಲ್ಲ. ಒಂದೇ ನಿಯಮದಡಿ, ಒಂದೇ ಕಾಲದಲ್ಲಿ ಅಳೆದ ಎರಡು ಎಂಜಿನ್‌ಗಳನ್ನು ಹೋಲಿಸಲು ಅದಕ್ಕಿಂತ ಚೆನ್ನಾದ ಸಾಧನವಿಲ್ಲ. 2018 ಮತ್ತು 2024ರ ಅಂಕಿಗಳನ್ನು ಹೀಗೆ ಹೋಲಿಸಿದರೆ ಇಳಿಕೆ ನಿಜವೇ ತಾನೆ ಎಂಬುದು ಎರಡನೆಯ, ಇನ್ನೂ ಗಟ್ಟಿಯಾದ ಆಕ್ಷೇಪ. ನಿಜ, ನಡುವೆ 2020ರ ಏಪ್ರಿಲ್‌ನಲ್ಲಿ ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್6 ನಿಯಮ ಬಂದದ್ದನ್ನೂ ಮರೆಯುವಂತಿಲ್ಲ. ಆದರೆ ಪಕ್ಕದ ಸಾಲಿನಲ್ಲಿರುವ ಟಾರ್ಕ್ ನೋಡಬೇಕು: ಆಗಲೂ ಈಗಲೂ ಹೆಚ್ಚುಕಡಿಮೆ 28 ನ್ಯೂಟನ್ ಮೀಟರ್. ತಿರುಚುಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಬರುವುದೇ ಅಶ್ವಶಕ್ತಿ. ಆದ್ದರಿಂದ ಬಿಟ್ಟುಕೊಟ್ಟದ್ದು ಎಂಜಿನ್ ಕಿರುಚುವ ಮೇಲ್ತುದಿಯನ್ನೇ ಹೊರತು ಕೆಳಗಿನ ಎಳೆತವನ್ನಲ್ಲ. 1961ರ ಗಾಡಿ ತನ್ನ 12 ಎಚ್‌ಪಿ ಕೊಡುತ್ತಿದ್ದದ್ದು 4750 ಸುತ್ತಿನಲ್ಲಿ. ಅಲ್ಲಿ ಅದರ ಟಾರ್ಕ್ ಲೆಕ್ಕ ಹಾಕಿದರೆ ಸುಮಾರು 18. ಜೋಯಿಡಾದಿಂದ ಕುಂಬಾರವಾಡ ಹಾದು ಅಣಶಿ ಘಟ್ಟದಲ್ಲಿ ಕದ್ರಾಕ್ಕೆ ಇಳಿದು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮರಳಿ ಹತ್ತುವವನಿಗೆ ತಿರುವಿನಿಂದ ತಿರುವಿಗೆ ಬೇಕಾಗುವುದು ಎರಡನೇ ಗೇರಿನಲ್ಲಿ ನಿಧಾನವಾಗಿ ತಿರುಗುವಾಗ ಸಿಗುವ ಈ ಎಳೆತ. ಅದು ಎಷ್ಟು ಎಂಬುದನ್ನು ಬ್ರೋಷರಿನ ಮೊದಲ ಸಾಲು 1961ರಲ್ಲೂ ಹೇಳುತ್ತಿರಲಿಲ್ಲ, ಈಗಲೂ ಹೇಳುವುದಿಲ್ಲ.