ಎರಡು ರೋಲರುಗಳ ವೇಗ ಬೇರೆಯಾದಾಗ

ಮುರ್ಡೇಶ್ವರದಿಂದ ಹೊನ್ನಾವರ, ಕುಮಟೆಯವರೆಗೆ ಮನೆ ಕಟ್ಟಲು ಕಡಿದು ತೆಗೆಯುವ ಚಿರೇಕಲ್ಲಿನಲ್ಲಿ ಕಬ್ಬಿಣದ ಜೊತೆಗೆ ಅಲ್ಯೂಮಿನಿಯಮ್ ಆಕ್ಸೈಡೂ ಇರುತ್ತದೆ. ಆ ಅಂಶ ಸಾಕಷ್ಟು ಹೆಚ್ಚಿದ ಕಡೆ ಅದನ್ನೇ ಬಾಕ್ಸೈಟ್ ಎನ್ನುತ್ತೇವೆ. ಬಾಕ್ಸೈಟನ್ನು ಅಲ್ಯೂಮಿನಾ ಮಾಡುವ ಕಾರ್ಖಾನೆ ಬೆಳಗಾವಿಯಲ್ಲಿ ಅರವತ್ತರ ದಶಕದ ಕೊನೆಯಿಂದಲೂ ಇದೆ. ಆದರೆ ಲೋಹ ತಗಡಾಗಿ ನಮ್ಮ ಕೈಗೆ ಬಂದಾಗ ಅದು ಹೇಗೆ ಬಾಗುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ಅದಿರೊಂದೇ ತೀರ್ಮಾನಿಸುವುದಿಲ್ಲ. ಅದರಲ್ಲಿ ರೋಲಿಂಗ್ ಮಿಲ್ಲಿನ ಪಾಲು ದೊಡ್ಡದು. ಅಲ್ಲಿ ಕಳೆದ ಕೆಲವು ದಶಕಗಳಿಂದ ಪರೀಕ್ಷೆಗೊಳಗಾಗಿರುವ ಅಸಮ ರೋಲಿಂಗ್ ವಿಧಾನವನ್ನು ಹೆಚ್ಚಿನವರು ತಗಡಿನ ಬಲ ಎಷ್ಟು ಏರಿತು ಎಂದು ಅಳೆಯುತ್ತಾರೆ. ಈ ಅಳತೆಗೋಲೇ ಸರಿಯಿಲ್ಲ ಎಂಬುದು ನನ್ನ ವಾದ. ತಗಡು ಒಡೆಯದೆ ಎಷ್ಟು ರೂಪ ತಾಳುತ್ತದೆ ಎಂಬುದರಲ್ಲಿ ಈ ವಿಧಾನದ ನಿಜವಾದ ಬೆಲೆ ಇದೆ.

ಸಾಮಾನ್ಯ ರೋಲಿಂಗಿನಲ್ಲಿ ಮೇಲಿನ ಮತ್ತು ಕೆಳಗಿನ ರೋಲರುಗಳ ಗಾತ್ರ, ವೇಗ, ಘರ್ಷಣೆ ಎಲ್ಲ ಒಂದೇ. ಲೋಹ ಒತ್ತಿಸಿಕೊಂಡು ಉದ್ದವಾಗುತ್ತದೆ. ಒಂದು ರೋಲರಿನ ವ್ಯಾಸ ಅಥವಾ ವೇಗವನ್ನು ಬದಲಿಸಿದರೆ ಒತ್ತಡದ ಜೊತೆಗೆ ಷಿಯರ್ ಸೇರುತ್ತದೆ: ಇಸ್ಪೀಟು ಕಟ್ಟನ್ನು ಅಂಗೈಯಿಂದ ತಳ್ಳಿದಾಗ ಎಲೆಗಳು ಜಾರುವಂತೆ, ತಗಡಿನ ಪದರಗಳು ದಪ್ಪದುದ್ದಕ್ಕೂ ಒಂದರ ಮೇಲೊಂದು ಜಾರುತ್ತವೆ. ಮೊದಲ ಆಸಕ್ತಿ ಇದ್ದದ್ದು ಗುಣದ ಬಗ್ಗೆ ಅಲ್ಲ, ರೋಲಿಂಗಿಗೆ ಬೇಕಾದ ಬಲ ಉಳಿಸುವ ಬಗ್ಗೆ. 1940ರ ದಶಕದ ಸಿದ್ಧಾಂತವೂ ಅನಂತರದ ಉಕ್ಕಿನ ಮಿಲ್ಲುಗಳ ಪ್ರಯೋಗಗಳೂ ಆ ದಾರಿಯಲ್ಲೇ ನಡೆದವು. 2000ರ ಹೊತ್ತಿಗೆ ಗಮನ ಹರಳುಕಣಗಳತ್ತ ತಿರುಗಿತು. ಕಣ ಸಣ್ಣದಾದಷ್ಟೂ ಲೋಹ ಗಟ್ಟಿ ಎಂಬ ಹಾಲ್–ಪೆಚ್ ಸಂಬಂಧ 1950ರ ದಶಕದ ಆರಂಭದಿಂದಲೇ ತಿಳಿದಿತ್ತು. ಶುದ್ಧ ಅಲ್ಯೂಮಿನಿಯಮನ್ನು ಅಸಮವಾಗಿ ಉರುಳಿಸಿ ಕೆಲವೇ ಮೈಕ್ರಾನ್ ಗಾತ್ರದ ಕಣಗಳನ್ನು ಪಡೆದ ಕುಯಿ ಮತ್ತು ಒಹೋರಿ ಅವರ ಪ್ರಯೋಗ 2000ದಲ್ಲಿ ಪ್ರಕಟವಾಯಿತು.

ಬಲವೊಂದೇ ಗುರಿಯಾದರೆ ತಗಡನ್ನು ಮಡಚಿ ಮತ್ತೆ ಮತ್ತೆ ಉರುಳಿಸುವ ವಿಧಾನದಂಥ ಬೇರೆ ದಾರಿಗಳೂ ಇವೆ. ಅಸಮ ರೋಲಿಂಗಿಗೆ ತನ್ನದೇ ಆದ ಜಾಗ ಸಿಗುವುದು ಟೆಕ್ಸ್ಚರಿನಲ್ಲಿ, ಅಂದರೆ ಹರಳುಗಳು ಯಾವ ದಿಕ್ಕಿಗೆ ವಾಲಿ ಕೂತಿವೆ ಎಂಬುದರಲ್ಲಿ. ಪಟ್ಟಿಯೊಂದನ್ನು ಎಳೆದಾಗ ಅಗಲ ಕುಗ್ಗುವ ಪ್ರಮಾಣವನ್ನು ದಪ್ಪ ಕುಗ್ಗುವ ಪ್ರಮಾಣಕ್ಕೆ ಹೋಲಿಸಿ ಆರ್-ಮೌಲ್ಯ ಲೆಕ್ಕ ಹಾಕುತ್ತಾರೆ. ಆಳದ ಪಾತ್ರೆಯಾಗಿ ಎಳೆಯಲು ಇದು ಒಂದಕ್ಕಿಂತ ಹೆಚ್ಚಿರಬೇಕು, ಆದರೆ ಸಾಮಾನ್ಯ ಅಲ್ಯೂಮಿನಿಯಮ್ ತಗಡಿನಲ್ಲಿ ಅದು ಬಹುತೇಕ ಒಂದರೊಳಗೇ ಉಳಿಯುತ್ತದೆ. ಷಿಯರ್ ಕೆಲವು ಹರಳುಗಳನ್ನು ಈ ಮೌಲ್ಯ ಏರುವ ದಿಕ್ಕಿಗೆ ತಿರುಗಿಸುತ್ತದೆ ಎಂದು ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಿಮ್ ಮತ್ತು ಲೀ 2001ರಲ್ಲಿ ವಿಶ್ಲೇಷಿಸಿದರು. ಮೆಗ್ನೀಸಿಯಂ ಕೊಡುವ ಸಾಕ್ಷ್ಯ ಇನ್ನೂ ಸ್ಪಷ್ಟ. ಅಲ್ಯೂಮಿನಿಯಮಿನ ಸಾಂದ್ರತೆ 2.7 ಆದರೆ ಇದರದು 1.74. ಇಷ್ಟು ಹಗುರವಾದರೂ ಮಾಮೂಲಿ ತಾಪದಲ್ಲಿ ಬಾಗಿಸಿದರೆ ಬಿರಿಯುತ್ತದೆ, ಏಕೆಂದರೆ ಸುಲಭವಾಗಿ ಜಾರುವ ಹರಳುತಲಗಳೆಲ್ಲ ರೋಲಿಂಗಿನಲ್ಲಿ ತಗಡಿಗೆ ಸಮಾನಾಂತರವಾಗಿ ಮಲಗಿಬಿಡುತ್ತವೆ. ಎಜೆಡ್31 ಎಂಬ ಮೆಗ್ನೀಸಿಯಂ ಮಿಶ್ರಲೋಹವನ್ನು ಬೇರೆ ಬೇರೆ ವೇಗದ ರೋಲರುಗಳಲ್ಲಿ ಉರುಳಿಸಿದಾಗ ಆ ತಲಗಳು ಕೆಲವೇ ಡಿಗ್ರಿ ಓರೆಯಾಗಿ, ತಗಡು ಹೆಚ್ಚು ಹಿಗ್ಗುವುದನ್ನು ಜಪಾನಿನ ವತಾನಬೆ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಹೀಗೆ ತಲಗಳು ಓರೆಯಾದಾಗ ಯೀಲ್ಡ್ ಬಲ, ಅಂದರೆ ತಗಡು ಶಾಶ್ವತವಾಗಿ ಬಾಗತೊಡಗುವ ಬಲ, ತುಸು ಇಳಿಯುವುದೂ ಉಂಟು. ಬಲವನ್ನಷ್ಟೇ ನೋಡುವವನು ಇದನ್ನು ಸೋಲೆಂದು ಬರೆದಿಡುತ್ತಾನೆ, ಆದರೆ ತಗಡನ್ನು ಒತ್ತಿ ಬಾಗಿಲೋ ಪೆಟ್ಟಿಗೆಯೋ ಮಾಡಬೇಕಾದವನಿಗೆ ಬೇಕಾದ ಗುಣ ಇದೇ.

ಆಕ್ಷೇಪಗಳು ಗಂಭೀರವಾಗಿಯೇ ಇವೆ. ಎರಡು ಕಡೆ ಬೇರೆ ವೇಗವಾದರೆ ತಗಡು ಸುರುಳಿಯಾಗಿ ಮೇಲಕ್ಕೋ ಕೆಳಕ್ಕೋ ಬಾಗಿ ಹೊರಬರುತ್ತದೆ. ಎಷ್ಟು ದಪ್ಪ ಇಳಿಸುತ್ತೇವೆ, ವೇಗದ ಅನುಪಾತ ಎಷ್ಟು ಎಂಬುದನ್ನು ಹೊಂದಿಸಿಕೊಂಡರೆ, ಹೊರಬದಿಯಲ್ಲಿ ಎಳೆತ ಕೊಟ್ಟರೆ ಇದನ್ನು ಬಹುಪಾಲು ಹತೋಟಿಗೆ ತರಬಹುದು. ಒಂದೇ ಮೋಟಾರಿನಿಂದ ಎರಡೂ ರೋಲರುಗಳು ತಿರುಗುವ ಹಳೆಯ ಮಿಲ್ಲುಗಳಲ್ಲಿ ವೇಗ ಬೇರೆ ಮಾಡಲಾಗದು, ಅಲ್ಲಿ ವ್ಯಾಸ ಬದಲಿಸುವುದೇ ದಾರಿ. ಎಣ್ಣೆಯ ತೊಡಕು ಇದಕ್ಕಿಂತ ಬಿಗಿ: ಚೆನ್ನಾಗಿ ಎಣ್ಣೆ ಹಾಕಿದರೆ ಷಿಯರ್ ಒಳಗಿಳಿಯುವುದಿಲ್ಲ, ಹಾಕದಿದ್ದರೆ ಮೇಲ್ಮೈ ಗೀರುಬೀಳುತ್ತದೆ. ಇದಕ್ಕೆ ಪೂರ್ಣ ಉತ್ತರ ಸಿಕ್ಕಿಲ್ಲ. ಅಲ್ಯೂಮಿನಿಯಮಿನಲ್ಲಿ ಇನ್ನೊಂದು ತೊಂದರೆ ಇದೆ. ಉರುಳಿಸಿದ ಮೇಲೆ ಕಾಯಿಸಿ ಮೆದುಗೊಳಿಸುವಾಗ ಹೊಸ ಹರಳುಗಳು ಹುಟ್ಟಿ, ಕಷ್ಟಪಟ್ಟು ತಂದ ದಿಕ್ಕು ಬಹಳಷ್ಟು ಅಳಿಸಿಹೋಗುತ್ತದೆ. ಹಾಗಾಗಿ ಆ ಲೋಹದಲ್ಲಿ ಈ ವಿಧಾನದ ಭರವಸೆ ಅರ್ಧ ಮಾತ್ರ ಫಲಿಸಿದೆ ಎಂದು ಒಪ್ಪಲೇಬೇಕು. ಆದರೆ ಅಲ್ಯೂಮಿನಿಯಮಿನ ಈ ಮಿತಿಯನ್ನು ತೋರಿಸಿ ಮೆಗ್ನೀಸಿಯಂನ ಗಳಿಕೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತ್ಯಂ ಸುವಾಸ್ ಮತ್ತು ಎನ್.ಪಿ. ಗುರಾವ್ ಟೆಕ್ಸ್ಚರ್ ಕುರಿತು ಬರೆದ ವಿಸ್ತೃತ ಸಮೀಕ್ಷೆ 2008ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲೇ ಬಂದಿದೆ. ಮುರ್ಡೇಶ್ವರದ ದಕ್ಷಿಣಕ್ಕೆ ಇದೇ ಕರಾವಳಿಯಲ್ಲಿರುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೆಗ್ನೀಸಿಯಂ ಮಿಶ್ರಲೋಹಗಳನ್ನು ತೀವ್ರವಾಗಿ ವಿರೂಪಗೊಳಿಸುವ ಸಂಶೋಧನೆ ನಡೆದಿದೆ. ಇಂಥ ಪ್ರಯೋಗಶಾಲೆಗಳಿಂದ ಬರುವ ಅಸಮ ರೋಲಿಂಗಿನ ಪ್ರತಿ ವರದಿಯಲ್ಲೂ ಗಡಸುತನ ಮತ್ತು ಬಲದ ಅಂಕಿಗಳ ಪಕ್ಕದಲ್ಲಿ, ಕಾಯಿಸಿದ ಮೇಲಿನ ತಗಡಿನ ಆರ್-ಮೌಲ್ಯವನ್ನು ಮೂರು ದಿಕ್ಕುಗಳಲ್ಲಿ ಅಳೆದು ಕೊಡಬೇಕು, ಎರಿಕ್ಸನ್ ಪರೀಕ್ಷೆಯಲ್ಲಿ ಬಟ್ಟಲು ಹರಿಯುವ ಮುನ್ನ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿಯಿತು ಎಂಬುದನ್ನೂ ಕೊಡಬೇಕು.