ಅಂಬಾರಿ ಆನೆ ಗೊತ್ತು, ಅದನ್ನ ಸಾಕುವ ಜೇನು ಕುರುಬರು ಗೊತ್ತಾ?

ನನ್ನೂರು ಕ್ಯಾತ್ಸಂದ್ರ. ನಮ್ಮಂಥ ಬಯಲುಸೀಮೆಯವರಿಗೆ ಪಳಗಿಸಿದ ಆನೆ ಅಂದ್ರೆ ಮೈಸೂರು ದಸರಾ, 750 ಕೆ.ಜಿ.ಯ ಚಿನ್ನದ ಅಂಬಾರಿ. ಆನೆಯ ಹೆಸರು, ತೂಕ, ವಯಸ್ಸು ಎಲ್ಲ ಟಿವಿಯಲ್ಲಿ ಬರುತ್ತೆ. ಅದನ್ನ ವರ್ಷವಿಡೀ ಸಾಕುವವರ ಬಗ್ಗೆ ಹೆಚ್ಚೇನೂ ಬರಲ್ಲ. ಅದಕ್ಕೇ ಈ ಬರಹ.

ಯಾರಿವರು?

ಮೈಸೂರು, ಕೊಡಗು, ಚಾಮರಾಜನಗರದ ಕಾಡುಗಳ ಆದಿವಾಸಿಗಳು. ಕೇಂದ್ರ ಸರ್ಕಾರ 'ವಿಶೇಷವಾಗಿ ದುರ್ಬಲ' ಎಂದು ಗುರುತಿಸಿದ ಬುಡಕಟ್ಟುಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರೋದು ಎರಡೇ: ಜೇನು ಕುರುಬ ಮತ್ತು ಕೊರಗ. ಕಾಕನಕೋಟೆಯ ಖೆಡ್ಡಾ ಕಾಲದಿಂದಲೂ ಆನೆ ಪಳಗಿಸೋದರಲ್ಲಿ ಕುರುಬರ ಕೈಯಿದೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಇವತ್ತಿಗೂ ದುಬಾರೆ, ಮತ್ತಿಗೋಡು, ಬಳ್ಳೆ ಶಿಬಿರಗಳಲ್ಲಿ ಅನೇಕ ಮಾವುತರು, ಕಾವಾಡಿಗಳು ಇದೇ ಸಮುದಾಯದವರು.

ಕೆಲಸ ಏನು?

ಮಾವುತ ಆನೆಯ ಕುತ್ತಿಗೆ ಮೇಲೆ ಕೂತು ಅದನ್ನ ನಡೆಸುತ್ತಾನೆ. ಮೇವು, ಸ್ನಾನ, ಕಾವಲಿನಲ್ಲಿ ಕಾವಾಡಿ ಅವನಿಗೆ ಜೊತೆಗಾರ. ರಾತ್ರಿ ಮೇಯಲು ಆನೆಯನ್ನ ಕಾಡಿಗೆ ಬಿಡ್ತಾರೆ. ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರ್ತಾರೆ. ಹೊಸದಾಗಿ ಹಿಡಿದ ಕಾಡಾನೆ ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಇದ್ದಾಗ ಹತ್ತಿರ ಹೋಗಿ ಕಬ್ಬು, ಬೆಲ್ಲ ಕೊಟ್ಟು ಪಳಗಿಸೋದೂ ಇವರೇ. ಅಲ್ಲಿ ಅಂಕುಶವೂ ಇದೆ, ಸರಪಳಿಯೂ ಇದೆ. ಇದು ಆನೆಗೆ ನೋವಿಲ್ಲದ ಕೆಲಸ ಅಂತ ನಾನು ಹೇಳಲ್ಲ.

ಮನುಷ್ಯರಿಗೂ ಅಪಾಯ ಇದೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ವೇಳೆ ಸತ್ತ. ಅಂಥ ಕಾರ್ಯಾಚರಣೆಗಳಲ್ಲಿ ಸಾಕಾನೆಯ ಮೇಲೆ ಕೂತು ಕಾಡಾನೆಗೆ ಎದುರಾಗೋದು ಮಾವುತರೇ.

ಪಕ್ಕದ ತಮಿಳುನಾಡಿನ ತೆಪ್ಪಕಾಡಿನಲ್ಲಿ ರಘು, ಅಮ್ಮು ಎಂಬ ಅನಾಥ ಮರಿಗಳನ್ನ ಸಾಕಿದ ಬೊಮ್ಮನ್-ಬೆಳ್ಳಿ ದಂಪತಿ ಕಾಟ್ಟುನಾಯಕ ಸಮುದಾಯದವರು. ಅವರ ಕುರಿತ 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು.

ಹಾಗಾದ್ರೆ ತಕರಾರೇನು?

ವನ್ಯಜೀವಿ ರಕ್ಷಣೆಯ ಹೆಸರಲ್ಲೇ ನಾಗರಹೊಳೆಯ ಎಷ್ಟೋ ಜೇನು ಕುರುಬರು ಹಾಡಿ ಕಳೆದುಕೊಂಡು ಕಾಫಿ ತೋಟದ ಲೈನ್‌ಮನೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆ ಇಂಥವರ ಹಕ್ಕನ್ನ ಒಪ್ಪುತ್ತೆ. ಆದರೆ 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಹಾಡಿಯ ಕುಟುಂಬಗಳು ಅದೇ ಹಕ್ಕು ಕೇಳಿ ತಮ್ಮ ಹಳೇ ಜಾಗಕ್ಕೆ ಮರಳಿದಾಗ ಅರಣ್ಯ ಇಲಾಖೆ ವಿರೋಧಿಸಿತು.

ಅಂದ್ರೆ ಸರ್ಕಾರಕ್ಕೆ ಶಿಬಿರದಲ್ಲಿ ಜೇನು ಕುರುಬರ ವಿದ್ಯೆ ಬೇಕು, ಕಾಡಲ್ಲಿ ಅವರ ಮನೆ ಬೇಡ. ಈ ವಿದ್ಯೆ ತರಬೇತಿ ಶಿಬಿರದಲ್ಲಿ ಕಲಿಯೋದಲ್ಲ. ಅಪ್ಪನ ಜೊತೆ ಕಾಡು ಸುತ್ತಿ ಮಗ ಕಲಿಯೋದು. ಹಾಡಿ ಖಾಲಿಯಾದರೆ ಕಲಿಯೋ ಮಕ್ಕಳೂ ಇರಲ್ಲ. ಆದ್ದರಿಂದ ಬಾಕಿ ಇರೋ ಹಕ್ಕುಪತ್ರದ ಅರ್ಜಿಗಳನ್ನ ಇತ್ಯರ್ಥ ಮಾಡೋದು ಆದಿವಾಸಿಗಳಿಗೆ ತೋರುವ ಔದಾರ್ಯ ಅಲ್ಲ. ಆನೆಗಳ ಆರೈಕೆ ಮುಂದುವರಿಯಬೇಕಾದರೂ ಅದು ಆಗಲೇಬೇಕು.