ಊಟ ಸೇರದಾಗ

ಹೊಟ್ಟೆ ಹಸಿದಿದ್ದರೂ ಎದುರಿಗೆ ಬಂದ ಯಾವ ತಿನಿಸೂ ಬೇಡವೆನಿಸುವ ಸ್ಥಿತಿಯನ್ನು ಹೇಳುವಾಗ ಕನ್ನಡ ಮಾತಾಡುವವರು ಸಾಮಾನ್ಯವಾಗಿ ‘ಹಸಿವಿಲ್ಲ’ ಎನ್ನುವುದಿಲ್ಲ. ‘ಊಟ ಸೇರುತ್ತಿಲ್ಲ’ ಎನ್ನುತ್ತಾರೆ. ಮೊದಲನೆಯದು ಹೊಟ್ಟೆಯ ಸುದ್ದಿ, ಎರಡನೆಯದು ಬಾಯಿಯ ಸುದ್ದಿ. ಹೊಟ್ಟೆ ಕೇಳುತ್ತಿರುವುದನ್ನು ಬಾಯಿ ಒಪ್ಪದಿರುವುದು ಸಾಧ್ಯವೆಂಬ ಅರಿವು ಆಡುಮಾತಿನಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಆ ಅರಿವನ್ನು ಹೊತ್ತುಕೊಂಡಿರುವುದು ವೈದ್ಯರ ಪರಿಭಾಷೆಯೂ ಅಲ್ಲ, ಪಂಡಿತರ ಸಮಾಸಪದವೂ ಅಲ್ಲ, ದಿನಕ್ಕೆ ಹತ್ತಾರು ಬಾರಿ ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗುವ ‘ಸೇರು’ ಎಂಬ ಸಾಮಾನ್ಯ ಕ್ರಿಯಾಪದ.

ಈ ಕ್ರಿಯಾಪದದ ಮೂಲ ಅರ್ಥ ತಲುಪುವುದು, ಕೂಡುವುದು. ನದಿ ಕಡಲನ್ನು ಸೇರುತ್ತದೆ, ಮಗು ಶಾಲೆಗೆ ಸೇರುತ್ತದೆ, ಸಂಬಳದ ಹಣ ಕೈ ಸೇರುತ್ತದೆ, ಸಂಜೆಯ ಹೊತ್ತಿಗೆ ದನಗಳು ಕೊಟ್ಟಿಗೆ ಸೇರುತ್ತವೆ. ತಮಿಳಿನಲ್ಲೂ ಇದೇ ಪದ ಇದೇ ಅರ್ಥದಲ್ಲಿ ಇರುವುದರಿಂದ ಇದು ದ್ರಾವಿಡ ಭಾಷೆಗಳ ಹಳೆಯ ಆಸ್ತಿಯೆನ್ನಲು ಅಡ್ಡಿಯಿಲ್ಲ. ಕೂಡುವುದೆಂಬ ಅರ್ಥದಿಂದ ಹೊಂದಿಕೊಳ್ಳುವುದೆಂಬ ಅರ್ಥಕ್ಕೆ, ಅಲ್ಲಿಂದ ಮೆಚ್ಚುವುದೆಂಬ ಅರ್ಥಕ್ಕೆ ಪದ ನಡೆದುಬಂದಿರುವ ದಾರಿ ಇಂದಿನ ಬಳಕೆಯಲ್ಲೇ ಕಾಣುತ್ತದೆ. ‘ಅವರಿಬ್ಬರಿಗೂ ಸೇರದು’ ಎಂದರೆ ಇಬ್ಬರ ನಡುವೆ ಹೊಂದಿಕೆಯಿಲ್ಲ ಎಂದರ್ಥ. ‘ಅವನನ್ನು ಕಂಡರೆ ಅವಳಿಗೆ ಸೇರದು’ ಎಂದರೆ ಒಬ್ಬರ ಕಡೆಯಿಂದ ಮಾತ್ರ ಇರುವ ಬೇಸರ. ‘ಬದನೆಕಾಯಿ ಅವನಿಗೆ ಸೇರದು’ ಎನ್ನುವ ಹೊತ್ತಿಗೆ ಮನುಷ್ಯರ ನಡುವಿನ ಸಂಬಂಧಕ್ಕೆ ಹೇಳುತ್ತಿದ್ದ ಮಾತು ತಟ್ಟೆಯ ಮೇಲಿನ ಪಲ್ಯಕ್ಕೂ ಸಲ್ಲುತ್ತದೆ. ಮೆಚ್ಚುವ ಅರ್ಥದಲ್ಲಿ ಈ ಪದ ನಿಷೇಧರೂಪದಲ್ಲಿಯೇ ಹೆಚ್ಚು ಕೇಳಿಸುವುದು ಗಮನಿಸಬೇಕಾದ ಸಂಗತಿ: ಸೇರದು, ಸೇರೋಲ್ಲ, ಸೇರಂಗಿಲ್ಲ ಎಂಬುವು ಎಲ್ಲೆಡೆ ಕಿವಿಗೆ ಬೀಳುತ್ತವೆ, ಆದರೆ ಊಟ ಸಲೀಸಾಗಿ ಒಳಹೋಗುತ್ತಿರುವವರೆಗೆ ಅದು ಸೇರುತ್ತಿದೆಯೆಂದು ಯಾರೂ ಬಿಡಿಸಿ ಹೇಳುವುದಿಲ್ಲ. (ಧಾನ್ಯ ಅಳೆಯುವ ‘ಸೇರು’ ಬೇರೆಯೇ ಮೂಲದ ಪದ. ನಾಲ್ಕು ಪಾವಿಗೆ ಒಂದು ಸೇರು ಎಂದು ಅಕ್ಕಿ ಅಳೆದಿಡುತ್ತಿದ್ದ ಮನೆಗಳಲ್ಲಿ, ಸೇರುಗಟ್ಟಲೆ ಅನ್ನ ಬೆಂದರೂ ಒಬ್ಬರಿಗೆ ಅದು ಸೇರದ ದಿನಗಳಿದ್ದವೆಂಬುದು ಭಾಷೆ ತಾನಾಗಿ ಆಡಿದ ಶ್ಲೇಷೆ.)

ವಾಕ್ಯರಚನೆಯನ್ನು ನೋಡಿದರೆ ಈ ಮಾತಿನ ಸೂಕ್ಷ್ಮ ಇನ್ನಷ್ಟು ತಿಳಿಯುತ್ತದೆ. ‘ಅವನಿಗೆ ಊಟ ಸೇರುತ್ತಿಲ್ಲ’ ಎಂಬಲ್ಲಿ ಕರ್ತೃಸ್ಥಾನದಲ್ಲಿ ಕೂತಿರುವುದು ಊಟ. ಉಣ್ಣಬೇಕಾದ ಮನುಷ್ಯ ಚತುರ್ಥೀ ವಿಭಕ್ತಿಯಲ್ಲಿ, ಅಂದರೆ ‘ಗೆ’, ‘ಇಗೆ’, ‘ಕ್ಕೆ’ ಎಂಬ ಪ್ರತ್ಯಯ ಹಚ್ಚಿಕೊಂಡು, ತನ್ನೊಳಗೆ ಆಗುತ್ತಿರುವುದನ್ನು ಅನುಭವಿಸುವವನಾಗಿ ನಿಂತಿದ್ದಾನೆ. ಹಸಿವು, ನಿದ್ದೆ, ಬಾಯಾರಿಕೆ, ಸಿಟ್ಟುಗಳೂ ಕನ್ನಡದಲ್ಲಿ ಹೀಗೆಯೇ ‘ಅವನಿಗೆ’ ಬರುವಂಥವು. ಇದಕ್ಕೆ ಎದುರಾಗಿ ‘ಒಲ್ಲೆ’ ಎಂಬ ಮಾತಿನಲ್ಲಿ ನಿರಾಕರಿಸುವವನು ಮನುಷ್ಯನೇ, ಅಲ್ಲಿ ಇಚ್ಛೆಯ ಹೊಣೆ ಅವನದು. ‘ಒಗ್ಗುವುದಿಲ್ಲ’ ಎಂಬ ಮೂರನೆಯ ಮಾತು ದೇಹದ ಪ್ರಕೃತಿಗೆ ಸಂಬಂಧಿಸಿದ್ದು. ಹಾಲು ಇಷ್ಟವಿದ್ದರೂ ಹೊಟ್ಟೆಗೆ ಒಗ್ಗದಿರಬಹುದು. ಒಲ್ಲೆ, ಒಗ್ಗದು, ಸೇರದು ಎಂಬ ಈ ಮೂರು ಮಾತುಗಳು ಮನಸ್ಸು, ಮೈ, ಬಾಯಿ ಎಂಬ ಮೂರು ಕಡೆಯ ನಿರಾಕರಣೆಗಳನ್ನು ಬೇರೆ ಬೇರೆಯಾಗಿ ಇಟ್ಟಿವೆ. ಧಾರವಾಡ ಕಡೆಯ ಮಾತು ಇವುಗಳಲ್ಲಿ ‘ಒಲ್ಲೆ’ಯನ್ನು ಊಟಕ್ಕೇ ಹಚ್ಚಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ‘ಊಟ ಹೋಗವಲ್ದು’ ಎನ್ನುತ್ತಾರೆ. ‘ವಲ್ದು’ ಎಂಬುದು ‘ಒಲ್ಲದು’ ಎಂಬುದರ ಸವೆದ ರೂಪವಾದ್ದರಿಂದ, ಅಕ್ಷರಶಃ ನೋಡಿದರೆ ಇಲ್ಲಿ ಒಳಹೋಗಲು ಒಲ್ಲೆನೆನ್ನುತ್ತಿರುವುದು ಊಟವೇ ಹೊರತು ಉಣ್ಣುವವನಲ್ಲ. ತಟ್ಟೆಯ ಮುಂದೆ ಕೈಕಟ್ಟಿ ಕೂತವರನ್ನು ಹಟಮಾರಿಯೆಂದು ಬೈಯಲು ಈ ವ್ಯಾಕರಣದಲ್ಲಿ ಎಡೆ ಕಡಿಮೆ.

ಇನ್ನು ಪದಗಳ ಮೂಲ ನೋಡಿದರೆ, ಹೊಟ್ಟೆಯ ಕಡೆಯ ‘ಹಸಿವು’ ಅಚ್ಚಗನ್ನಡ ಪದ. ಹಳಗನ್ನಡದ ಪಕಾರ ಹಕಾರವಾದ ಬದಲಾವಣೆಯಲ್ಲಿ ‘ಪಸಿ’ ಎಂಬ ಧಾತು ‘ಹಸಿ’ಯಾಯಿತು, ತಮಿಳಿನಲ್ಲಿ ಅದು ಇಂದಿಗೂ ‘ಪಸಿ’ಯಾಗಿಯೇ ಉಳಿದಿದೆ. ನಾಲಿಗೆಯ ಕಡೆಯ ಪದವಾದ ‘ರುಚಿ’ ಸಂಸ್ಕೃತದಿಂದ ಬಂದದ್ದು. ಅದರ ಧಾತುವಾದ ‘ರುಚ್’ ಎಂಬುದಕ್ಕೆ ಮೊದಲ ಅರ್ಥ ಹೊಳೆಯುವುದು. ಹೊಳೆಯುವುದು ಕಣ್ಣಿಗೆ ಹಿಡಿಸುತ್ತದೆ, ಹಿಡಿಸಿದ್ದು ಬಯಕೆ ಹುಟ್ಟಿಸುತ್ತದೆ, ಬಯಸಿದ್ದು ನಾಲಿಗೆಗೆ ಹಿತವೆನಿಸುತ್ತದೆ ಎಂಬ ಕ್ರಮದಲ್ಲಿ ಬೆಳಕಿನ ಪದ ಬಾಯಿಗೆ ಇಳಿದಿದೆ. ಅಭಿರುಚಿ, ರುಚಿರ, ವಿರೋಚನ ಎಲ್ಲವೂ ಇದೇ ಮನೆತನದವು. ವೈದ್ಯದಲ್ಲಿ ಬಾಯಿಗೆ ರುಚಿ ತರುವ ದ್ರವ್ಯಕ್ಕಿದ್ದ ‘ರೋಚಕ’ ಎಂಬ ಹೆಸರು ಈಗ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕೊನೆಯ ಓವರಿನ ಪಂದ್ಯಗಳಿಗೆ ಮೀಸಲಾಗಿದೆ. ಆದರೆ ಅದರ ವಿರುದ್ಧ ಪದ ‘ಅರೋಚಕ’ ಆಯುರ್ವೇದದಲ್ಲಿ ಊಟ ಸೇರದ ರೋಗದ ಹೆಸರಾಗಿಯೇ ಉಳಿಯಿತು. ಮಾಧವನಿದಾನವೆಂಬ ರೋಗನಿರ್ಣಯ ಗ್ರಂಥ ಇದಕ್ಕೊಂದು ಅಧ್ಯಾಯವನ್ನೇ ಕೊಟ್ಟು, ವಾತ, ಪಿತ್ತ, ಕಫಗಳಿಂದ ಒಂದೊಂದು, ಮೂರೂ ಕೂಡಿ ಕೆಟ್ಟದ್ದರಿಂದ ಒಂದು, ಶೋಕ ಭಯ ಮೊದಲಾದ ಮನೋವಿಕಾರಗಳಿಂದ ಮತ್ತೊಂದು ಎಂದು ಐದು ಬಗೆಗಳನ್ನು ಎಣಿಸುತ್ತದೆ. ವ್ಯಾಖ್ಯಾನಕಾರರು ಇನ್ನಷ್ಟು ಬಿಡಿಸಿ, ಬಾಯಿಗೆ ಹಾಕಿದ ಅನ್ನ ರುಚಿಸದಿದ್ದರೆ ಅರೋಚಕ, ಅನ್ನವನ್ನು ನೆನೆದರೂ ನೋಡಿದರೂ ಹೇಸಿಗೆಯೆನಿಸಿದರೆ ಭಕ್ತದ್ವೇಷ, ಸಿಟ್ಟು ಭಯಗಳಿಂದ ಅನ್ನದ ಮೇಲೆ ಶ್ರದ್ಧೆಯೇ ಹುಟ್ಟದಿದ್ದರೆ ಅಭಕ್ತಚ್ಛಂದ ಎಂದು ಮೂರು ಹೆಸರುಗಳನ್ನು ಬಳಸಿದರು. (ಇಲ್ಲಿ ‘ಭಕ್ತ’ ಎಂದರೆ ಅನ್ನ, ದೇವರ ಭಕ್ತನಿಗೂ ಈ ದ್ವೇಷಕ್ಕೂ ಸಂಬಂಧವಿಲ್ಲ.)

‘ಹಸಿವು ರುಚಿಯನ್ನರಿಯದು, ನಿದ್ರೆ ಸುಖವನ್ನರಿಯದು’ ಎಂಬ ಗಾದೆ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ಹಸಿದವನಿಗೆ ಎಲ್ಲವೂ ಸೇರಬೇಕೆಂಬುದು ಅದರ ನಿರೀಕ್ಷೆ. ಗಾದೆ ಕಡುಹಸಿವಿನ ಮಟ್ಟಿಗೆ ನಿಜವಾಗಿರಬಹುದು, ದಿನನಿತ್ಯದ ಹಸಿವಿನ ಮಟ್ಟಿಗೆ ಅಲ್ಲ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳ ತಂಡ 1999ರಲ್ಲಿ ಗುರುತಿಸಿದ ‘ಗ್ರೆಲಿನ್’ ಎಂಬ ಹಾರ್ಮೋನು ಹೆಚ್ಚಾಗಿ ಜಠರದಲ್ಲಿಯೇ ಸ್ರವಿಸಿ, ಹೊಟ್ಟೆ ಬರಿದಾಗಿದೆಯೆಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುತ್ತದೆ. ಅದರ ಪ್ರಮಾಣ ರೂಢಿಯ ಊಟದ ಹೊತ್ತಿಗೆ ಏರಿ, ಉಣ್ಣದೆ ಬಿಟ್ಟರೂ ಕೆಲಹೊತ್ತಿನ ಮೇಲೆ ಇಳಿಯುತ್ತದೆ. ಹೊತ್ತು ಮೀರಿದ ಮೇಲೆ ‘ಹಸಿವು ಇಂಗಿಹೋಯಿತು’, ‘ಹಸಿವು ಸತ್ತುಹೋಯಿತು’ ಎನ್ನುವ ಮನೆಮಾತಿನಲ್ಲಿ ಉತ್ಪ್ರೇಕ್ಷೆ ಬಹಳವಿಲ್ಲ. ಆದರೆ ಗ್ರೆಲಿನ್ ಏರಿದ ಮಾತ್ರಕ್ಕೆ ಎದುರಿನ ಅನ್ನ ಹಿತವಾಗಿ ಕಾಣಬೇಕೆಂದಿಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಅವರ ಸಂಶೋಧನೆಗಳು, ಒಂದನ್ನು ಬಯಸುವುದು ಮತ್ತು ಅದನ್ನು ಸವಿಯುವುದು ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳ ಕೆಲಸವೆಂದೂ, ಒಂದು ಕುಗ್ಗಿದಾಗ ಇನ್ನೊಂದು ಉಳಿದಿರಬಹುದೆಂದೂ ತೋರಿಸಿವೆ. ಜ್ವರ ಬಂದಾಗ ಸೋಂಕಿನ ವಿರುದ್ಧ ದೇಹ ಹೊರಡಿಸುವ ರಾಸಾಯನಿಕಗಳೇ ಊಟದ ಆಸೆಯನ್ನು ತಗ್ಗಿಸುತ್ತವೆ. ನೆಗಡಿಯಲ್ಲಿ ಮೂಗು ಕಟ್ಟಿ, ರುಚಿಯೆಂದು ತಿಳಿಯುವುದರ ದೊಡ್ಡ ಪಾಲಾದ ವಾಸನೆ ಇಲ್ಲವಾಗುತ್ತದೆ. ಮೆಟ್ರೊನಿಡಜೋಲ್‌ನಂಥ ಕೆಲವು ಮಾತ್ರೆಗಳು ಬಾಯಲ್ಲಿ ಲೋಹದ ಕಹಿಯನ್ನು ಬಿಡುತ್ತವೆ. ಚಿಂತೆ ಹೆಚ್ಚಾದಾಗ ಜೊಲ್ಲು ಒಣಗಿ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಇವೆಲ್ಲಕ್ಕೂ ಆಡುಮಾತಿನಲ್ಲಿ ಇರುವ ಒಂದೇ ರೋಗನಿರ್ಣಯ ‘ಬಾಯಿ ಕೆಟ್ಟಿದೆ’ ಎಂಬುದು.

ಆರೋಗ್ಯವಂತರಿಗೂ ಊಟ ಸೇರದಿರಲು ಇನ್ನೊಂದು ಕಾರಣವುಂಟು. ಒಂದೇ ಬಗೆಯ ತಿನಿಸನ್ನು ತಿನ್ನುತ್ತ ಹೋದಂತೆ ಅದರ ಹಿತ ಇಳಿಯುತ್ತ, ತಿನ್ನದ ತಿನಿಸುಗಳ ಹಿತ ಹಾಗೆಯೇ ಉಳಿಯುವುದನ್ನು ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಮದುವೆಯೂಟದಲ್ಲಿ ಅನ್ನ ಸಾಕೆಂದು ಕೈ ಅಡ್ಡ ಹಿಡಿದವರು ಹೋಳಿಗೆಗೆ ಎಡೆ ಮಾಡಿಕೊಳ್ಳುವುದೂ, ಹಾಸ್ಟೆಲಿನಲ್ಲಿ ವಾರಕ್ಕೆ ನಾಲ್ಕು ದಿನ ಒಂದೇ ಚಿತ್ರಾನ್ನ ಕಂಡವರು ಹಸಿದಿದ್ದರೂ ತಟ್ಟೆ ಸರಿಸುವುದೂ ಒಂದೇ ನಿಯಮದ ಎರಡು ಮುಖಗಳು.

ಊಟ ಸೇರದವರಿಗೆ ಕನ್ನಡ ನಾಡಿನ ಅಡುಗೆಮನೆ ಕೊಡುವ ಉತ್ತರ ಹೆಚ್ಚು ಬಡಿಸುವುದಲ್ಲ, ‘ಬಾಯಿಗೆ ಹಿತವಾಗಿ’ ಏನಾದರೂ ಮಾಡಿಕೊಡುವುದು. ಈ ಹಿತದ ಅಡುಗೆಗಳಲ್ಲಿ ಬಹುತೇಕ ಎಲ್ಲವೂ ಹುಳಿಯವು, ತೆಳುವಾದವು ಅಥವಾ ತಣ್ಣನೆಯವು. ಮಲೆನಾಡು ಮತ್ತು ಕರಾವಳಿಯ ತಂಬುಳಿ ಈ ಮೂರೂ ಗುಣಗಳನ್ನು ಒಟ್ಟುಗೂಡಿಸಿದೆ. ತಣ್ಣನೆಯ ಹುಳಿ ಎಂಬುದೇ ಅದರ ಹೆಸರಿನ ಅರ್ಥ. ಒಂದೆಲಗವನ್ನೋ ಹುರಿದ ಮೆಂತ್ಯವನ್ನೋ ಜೀರಿಗೆ, ಕಾಯಿತುರಿಗಳೊಂದಿಗೆ ಅರೆದು ಮಜ್ಜಿಗೆಯಲ್ಲಿ ಕದಡಿ, ಕುದಿಸದೆ ಬಡಿಸುವ ಇದರಿಂದ ಹಬೆಯೂ ಘಾಟೂ ಏಳುವುದಿಲ್ಲ. ಬಿಸಿ ಅಡುಗೆಯ ವಾಸನೆಗೇ ಹೊಟ್ಟೆ ತೊಳಸುವವರಿಗೆ ಇದು ದೊಡ್ಡ ಅನುಕೂಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ತಣ್ಣಗಿನ ಆಹಾರ ಸೂಚಿಸುವ ಇಂದಿನ ಪೌಷ್ಟಿಕತಜ್ಞರ ತರ್ಕವೂ ಇದೇ. ಉತ್ತರ ಕನ್ನಡದ ಅಪ್ಪೆಹುಳಿ, ಮಂಗಳೂರು ಕಡೆಯ ಪುನರ್ಪುಳಿ ಸಾರು, ಮೈಸೂರು ಕಡೆಯ ಮೆಣಸು ಜೀರಿಗೆ ಸಾರುಗಳು ಜೊಲ್ಲನ್ನು ಚಿಮ್ಮಿಸುವ ಕೆಲಸ ಮಾಡುತ್ತವೆ. ಹುಳಿ ನಾಲಿಗೆಗೆ ತಾಗಿದ ಕೂಡಲೇ ಜೊಲ್ಲು ಹೆಚ್ಚುವುದರಿಂದ, ಒಣಗಿದ ಬಾಯಲ್ಲಿ ಅನ್ನ ಕರಗಿ ರುಚಿಯ ಮೊಗ್ಗುಗಳನ್ನು ಮುಟ್ಟುವ ದಾರಿ ತೆರೆಯುತ್ತದೆ.

ಇದರೊಡನೆ ಹೇಳಲೇಬೇಕಾದ ಇನ್ನೊಂದು ಕ್ರಿಯಾಪದ ‘ನಂಚಿಕೊಳ್ಳು’. ಮೈಸೂರು ಸೀಮೆಯಲ್ಲಿ ಇದು ‘ನೆಂಚಿಕೊಳ್ಳು’ ಎಂದೂ ಕೇಳಿಸುತ್ತದೆ. ಮುಖ್ಯ ಆಹಾರದ ತುತ್ತಿಗೊಮ್ಮೆ ಉಪ್ಪಿನಕಾಯಿ, ಚಟ್ನಿ, ಹಪ್ಪಳಗಳನ್ನು ಚೂರುಚೂರಾಗಿ ತಾಗಿಸಿಕೊಳ್ಳುವುದು ಇದರ ಅರ್ಥ. ಗಂಜಿಗೆ ಉಪ್ಪಿನಕಾಯಿ, ಮೊಸರನ್ನಕ್ಕೆ ಬಾಳಕದ ಮೆಣಸಿನಕಾಯಿ, ರೊಟ್ಟಿಗೆ ಗುರೆಳ್ಳು ಚಟ್ನಿ ಅಥವಾ ಶೇಂಗಾ ಹಿಂಡಿ ಇಲ್ಲದಿದ್ದರೆ ‘ನಂಚಿಕೊಳ್ಳಲು ಏನೂ ಇಲ್ಲ’ ಎಂಬ ದೂರು ಏಳುತ್ತದೆ. ಸಪ್ಪೆಯ ಗಂಜಿ ಹೊಟ್ಟೆಯ ಪಾಲು, ನಂಚಿಕೊಳ್ಳುವ ಚೂರು ಬಾಯಿಯ ಪಾಲು ಎಂಬ ಹಂಚಿಕೆ ಇದರ ಹಿಂದಿದೆ. ಪ್ರತಿ ತುತ್ತಿಗೂ ರುಚಿ ಒಮ್ಮೆ ಏರಿ ಒಮ್ಮೆ ಇಳಿಯುವುದರಿಂದ, ರೋಲ್ಸ್ ಹೇಳಿದ ಏಕರುಚಿಯ ಬೇಸರ ಬೇಗ ಹತ್ತಿರ ಸುಳಿಯುವುದಿಲ್ಲ. ‘ಉಪ್ಪಿನಕಾಯಿ ಇದ್ದರೆ ಎರಡು ತುತ್ತು ಹೆಚ್ಚು ಸೇರುತ್ತದೆ’ ಎಂಬಲ್ಲಿ ಮಾತ್ರ ‘ಸೇರು’ ತನ್ನ ನಿಷೇಧದ ಅಂಗಿಯನ್ನು ಕಳಚಿ ಹೊರಬರುವುದುಂಟು.

ಬಸುರಿಯರ ವಿಷಯದಲ್ಲಿ ಊಟ ಸೇರದ ಈ ಸ್ಥಿತಿಗೆ ‘ಬಯಕೆ’ ಎಂಬ ಮರ್ಯಾದೆಯ ಹೆಸರಿದೆ. ದಿನದ ಊಟ ಸೇರದೆ ಹುಳಿ ಮಾವಿನಕಾಯಿಗೋ ಸುಟ್ಟ ಹಪ್ಪಳಕ್ಕೋ ಮನಸ್ಸು ಹರಿಯುವುದನ್ನು ಸಮಾಜ ಒಪ್ಪಿಕೊಂಡು, ಬಯಕೆಯೂಟವೆಂಬ ಶಾಸ್ತ್ರವನ್ನೇ ಮಾಡಿದೆ. ಬೇರೆಯವರಿಗೆ ಇಷ್ಟು ಉದಾರತೆ ಸಿಗುವುದಿಲ್ಲ. ಊಟ ಸೇರುತ್ತಿಲ್ಲವೆಂಬ ಅದೇ ಮಾತನ್ನು ಹದಿನೈದರ ಹುಡುಗ ಆಡಿದರೆ ನಾಲಿಗೆ ಚಪಲವೆಂಬ ಆರೋಪ ಬರುತ್ತದೆ.

ಆಧುನಿಕ ವೈದ್ಯಕೀಯ ಬರಹ ಕನ್ನಡಕ್ಕೆ ಬಂದಾಗ ಈ ಸೂಕ್ಷ್ಮಗಳಲ್ಲಿ ಕೆಲವು ಸೋರಿಹೋದವು. ಅನೊರೆಕ್ಸಿಯಾ ಎಂಬ ಗ್ರೀಕ್ ಮೂಲದ ಪದದ ಅರ್ಥ ಬಯಕೆಯಿಲ್ಲದಿರುವುದು; ಅದು ಹೇಳುವುದು ಆಸೆಯ ಅಭಾವವನ್ನೇ ಹೊರತು ಹೊಟ್ಟೆಯ ತುಂಬಿದ ಸ್ಥಿತಿಯನ್ನಲ್ಲ. ಆದರೆ ಕನ್ನಡದ ಆರೋಗ್ಯ ಲೇಖನಗಳಲ್ಲಿ, ಔಷಧಗಳ ಅಡ್ಡಪರಿಣಾಮದ ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ ‘ಹಸಿವಿಲ್ಲದಿರುವಿಕೆ’ ಅಥವಾ ‘ಹಸಿವಾಗದಿರುವುದು’ ಎಂದಾಗುತ್ತದೆ. ‘ಹಸಿವಾಗುತ್ತದೆಯೇ’ ಎಂಬ ಪ್ರಶ್ನೆಗೆ ವಯಸ್ಸಾದ ರೋಗಿ ‘ಹಸಿವೇನೋ ಆಗುತ್ತೆ ಡಾಕ್ಟ್ರೇ, ಊಟ ಸೇರೋಲ್ಲ’ ಎಂದು ಉತ್ತರಿಸಿದರೆ, ಆ ಉತ್ತರವನ್ನು ಬರೆದುಕೊಳ್ಳಲು ಇಂಥ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಎರಡನ್ನೂ ಬಿಡಿಸಿ ಕೇಳುವುದರಿಂದ ಪ್ರಯೋಜನವಿದೆ: ಹೊಟ್ಟೆ ಕೇಳುತ್ತಿದ್ದು ಬಾಯಿ ಒಲ್ಲೆನೆನ್ನುತ್ತಿದ್ದರೆ ಮಾತ್ರೆ, ಹಲ್ಲು, ಮೂಗು, ನಾಲಿಗೆಗಳ ಕಡೆಗೆ ನೋಡಬೇಕಾದೀತು, ಹಸಿವೇ ಸತ್ತು ವಾರಗಟ್ಟಲೆ ತೂಕ ಇಳಿಯುತ್ತಿದ್ದರೆ ತನಿಖೆಯ ದಿಕ್ಕೇ ಬೇರೆ.

ನಗರದ ಮಾತಿನಲ್ಲಿ ಪದವೇ ಬದಲಾಗುತ್ತಿದೆ. ಹೋಟೆಲಿನ ಊಟವನ್ನು ಮನೆಗೆ ತಲುಪಿಸುವ ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಂತರ, ಮೊಬೈಲಿನ ಪರದೆಯ ಮೇಲೆ ಹೋಟೆಲುಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಸರಿಸುತ್ತ ಹಸಿವಿನಲ್ಲೇ ಅರ್ಧ ಗಂಟೆ ಕಳೆಯುವವರು ಅಲ್ಲಿ ಅಪರೂಪವಲ್ಲ. ನೂರು ತಿನಿಸುಗಳ ಚಿತ್ರ ಕಂಡರೂ ಒಂದೂ ಹಿಡಿಸದಿದ್ದಾಗ ಅವರ ಬಾಯಿಂದ ಬರುವುದು ‘ಸೇರುತ್ತಿಲ್ಲ’ ಎಂಬ ಮಾತಲ್ಲ, ‘ಊಟದ ಮೂಡ್ ಇಲ್ಲ’ ಎಂಬುದು. ಪದವೊಂದು ಬಂದು ಇನ್ನೊಂದು ಹಿಂದೆ ಸರಿಯುವುದು ಭಾಷೆಯಲ್ಲಿ ಸಹಜವೇ ಆದರೂ, ಕೇಳಿಸಿಕೊಂಡವರ ಮೇಲೆ ಈ ಎರಡು ಮಾತುಗಳ ಪರಿಣಾಮ ಒಂದೇ ಅಲ್ಲ. ಮೂಡ್ ಮನಸ್ಸಿನ ವಿಷಯವಾದ್ದರಿಂದ ಅದು ತಾನಾಗಿ ಬರುವವರೆಗೆ ಕಾಯಬೇಕೆಂದು ಕೇಳಿದವರು ಸುಮ್ಮನಾಗುತ್ತಾರೆ. ಊಟ ಸೇರುತ್ತಿಲ್ಲವೆಂದರೆ ಮನೆಯಲ್ಲಿ ಯಾರಾದರೂ ಎದ್ದು ಹುಣಸೆಹಣ್ಣು ನೆನೆಹಾಕುತ್ತಾರೆ.